ವಿಜಯಪುರದ ಮಾಳಿಗೆಯಿಂದ ಮಂಗಳದವರೆಗೆ: ನೌಕೆಯ ಹಾದಿ ಲೆಕ್ಕ ಹಾಕುವುದು ಹೇಗೆ

ಫೈನಲ್ ಇಯರ್ ಹುಡುಗರು ಪ್ರಾಜೆಕ್ಟ್ ವಿಷಯ ಹುಡುಕುವ ಕಾಲದಲ್ಲಿ ನಮ್ಮ ಮನೆಗೆ ಬಂದು ಕೂರುತ್ತಾರೆ. ಚಂದ್ರಯಾನ-3 ಇಳಿದ ಮೇಲೆ ಒಂದು ಪ್ರಶ್ನೆ ಜಾಸ್ತಿ ಆಗಿದೆ. "ಸರ್, ನೌಕೆಯ ಹಾದಿ ಡಿಸೈನ್ ಮಾಡಬೇಕು. ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ?" ನಾನು ತಿರುಗಿ ಕೇಳುವುದು, 200 ಪುಟದ ನೋಟ್‌ಬುಕ್ ಇದೆಯಾ ಅಂತ. ಅರ್ಧ ಜನ ಅಲ್ಲಿಗೇ ಎದ್ದು ಹೋಗುತ್ತಾರೆ. ಉಳಿದವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಸಾಫ್ಟ್‌ವೇರ್ ಕೊಡುವ ಚಿತ್ರ ಎಷ್ಟೇ ಚೆಂದ ಇದ್ದರೂ, ಉತ್ತರ ಸುಮಾರು ಎಷ್ಟು ಬರಬೇಕು ಅಂತ ನಿಮಗೆ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ತಪ್ಪು ಉತ್ತರವೂ ಅಷ್ಟೇ ಚೆಂದ ಕಾಣುತ್ತದೆ. ಹಾಗಾಗಿ ಕೆಳಗಿನ ಪ್ರತಿ ಹೆಜ್ಜೆಗೂ ಒಂದು ತಾಳೆ ಇದೆ. ತಾಳೆ ಬೀಳದೆ ಮುಂದಿನ ಹೆಜ್ಜೆಗೆ ಹೋಗಬೇಡಿ.

ಬೇಕಾಗುವ ಸಾಮಾನು ಕಡಿಮೆ. ನೋಟ್‌ಬುಕ್, ಸೈಂಟಿಫಿಕ್ ಕ್ಯಾಲ್ಕುಲೇಟರ್, ಒಂದು ಹಳೇ ಲ್ಯಾಪ್‌ಟಾಪ್, ಪೈಥಾನ್. ಪಿಯುಸಿ ಫಿಸಿಕ್ಸ್ ಮತ್ತು ವೆಕ್ಟರ್ ಮರೆತಿರಬಾರದು. ಈ ಕೆಲಸಕ್ಕೆ ಲ್ಯಾಬ್ ಬೇಡ, ವಿಂಡ್ ಟನಲ್ ಬೇಡ. ಬೆಂಗಳೂರಿನಲ್ಲಿ ಕೂತವನಿಗೂ ಬಾಗಲಕೋಟೆಯಲ್ಲಿ ಕೂತವನಿಗೂ ಸಿಗುವ ದತ್ತಾಂಶ ಒಂದೇ, ಗ್ರಹಗಳೂ ಅವೇ.

ಹೆಜ್ಜೆ 1: ವೃತ್ತದಿಂದ ಶುರು ಮಾಡಿ

ಭೂಮಿಗೆ ಒಂದು ಸಂಖ್ಯೆ ಇದೆ. ಹೆಸರು ಮ್ಯೂ. ಗುರುತ್ವ ಸ್ಥಿರಾಂಕವನ್ನು ಭೂಮಿಯ ದ್ರವ್ಯರಾಶಿಯಿಂದ ಗುಣಿಸಿದರೆ ಸಿಗುವ ಸಂಖ್ಯೆ ಇದು. ಕಿಲೋಮೀಟರ್ ಮತ್ತು ಸೆಕೆಂಡ್ ಲೆಕ್ಕದಲ್ಲಿ ಇದರ ಬೆಲೆ 3,98,600. ಭೂಮಿಯ ತ್ರಿಜ್ಯ 6,378 ಕಿ.ಮೀ. ಈ ಎರಡು ಸಂಖ್ಯೆ ಬಾಯಿಪಾಠ ಆಗಲಿ.

ವೃತ್ತಾಕಾರದ ಕಕ್ಷೆಯಲ್ಲಿ ವೇಗ ಬೇಕಾದರೆ ಮ್ಯೂವನ್ನು ಭೂಮಿಯ ಕೇಂದ್ರದಿಂದ ಇರುವ ದೂರದಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಕೇಂದ್ರದಿಂದ ಅಂದೆ, ನೆಲದಿಂದ ಅಲ್ಲ. ಹೊಸಬರು ಮೊದಲು ಎಡವುವುದೇ ಇಲ್ಲಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 420 ಕಿ.ಮೀ. ಎತ್ತರದಲ್ಲಿದೆ ಅಂದರೆ ದೂರ 6,798 ಕಿ.ಮೀ. ವೇಗ ಸೆಕೆಂಡಿಗೆ 7.66 ಕಿ.ಮೀ. ಒಂದು ಸುತ್ತಿಗೆ ಸುಮಾರು 93 ನಿಮಿಷ. ಆ ನಿಲ್ದಾಣ ನಿಜವಾಗಿಯೂ ತೆಗೆದುಕೊಳ್ಳುವ ಹೊತ್ತು ಅಷ್ಟೇ. ಮೊದಲ ತಾಳೆ ಬಿತ್ತು.

ಈ ವೇಗ ಮನಸ್ಸಿಗೆ ಇಳಿಯಲಿ. ವಿಜಯಪುರದಿಂದ ಬೆಳಗಾವಿಗೆ ಹಕ್ಕಿ ಹಾರುವ ದಾರಿ ಹಿಡಿದರೆ ಸುಮಾರು 170 ಕಿ.ಮೀ. ಬಸ್ಸಿನಲ್ಲಿ ಅರ್ಧ ದಿನ ಹೋಗುತ್ತದೆ. ನಿಲ್ದಾಣಕ್ಕೆ ಇಪ್ಪತ್ಮೂರು, ಇಪ್ಪತ್ನಾಲ್ಕು ಸೆಕೆಂಡ್ ಸಾಕು.

ಹೆಜ್ಜೆ 2: ಮಾಳಿಗೆ ಹತ್ತಿ

ಪುಸ್ತಕದಲ್ಲಿ ಸಾಮಾನ್ಯವಾಗಿ ಈ ಹೆಜ್ಜೆ ಇರುವುದಿಲ್ಲ. ನಾನು ಮಾತ್ರ ಬಿಡುವುದಿಲ್ಲ. ನೀವೇ ಲೆಕ್ಕ ಹಾಕಿದ ಹೊತ್ತಿಗೆ, ನೀವೇ ಹೇಳಿದ ದಿಕ್ಕಿನಿಂದ ಒಂದು ಚುಕ್ಕೆ ಎದ್ದು ಬರುವುದನ್ನು ಕಣ್ಣಾರೆ ನೋಡಬೇಕು. ಆಮೇಲೆ ಈ ವಿದ್ಯೆ ನಿಮ್ಮನ್ನು ಬಿಡುವುದಿಲ್ಲ.

ಸೆಲೆಸ್‌ಟ್ರ್ಯಾಕ್ ತಾಣದಲ್ಲಿ ಉಪಗ್ರಹಗಳ ಕಕ್ಷೆಯ ವಿವರ ಎರಡು ಸಾಲಿನಲ್ಲಿ ಸಿಗುತ್ತದೆ. ಟಿಎಲ್ಇ ಅಂತ ಕರೆಯುತ್ತಾರೆ. ಪೈಥಾನಿನ ಸ್ಕೈಫೀಲ್ಡ್ ಲೈಬ್ರರಿಗೆ ಅದನ್ನು ಕೊಡಿ. ಊರಿನ ಜಾಗವನ್ನೂ ಕೊಡಿ: ವಿಜಯಪುರ ಉತ್ತರ ಅಕ್ಷಾಂಶ 16.83, ಪೂರ್ವ ರೇಖಾಂಶ 75.71, ಬಾಗಲಕೋಟೆ 16.18 ಮತ್ತು 75.70; ಬೆಳಗಾವಿ 15.85 ಮತ್ತು 74.50. ಯಾವಾಗ ಹುಟ್ಟುತ್ತದೆ, ಎಷ್ಟು ಎತ್ತರಕ್ಕೆ ಏರುತ್ತದೆ, ಯಾವಾಗ ಮುಳುಗುತ್ತದೆ ಅಂತ ಲೆಕ್ಕ ಬರುತ್ತದೆ. ಸೂರ್ಯ ಮುಳುಗಿ ಒಂದು ಗಂಟೆಯೊಳಗೆ ಅಥವಾ ಮೂಡುವ ಮೊದಲಿನ ಒಂದು ಗಂಟೆಯಲ್ಲಿ ಬರುವ ಹಾದಿ ಆರಿಸಿ. ಆಗ ನಮಗೆ ಕತ್ತಲು, ಅದಕ್ಕೆ ಇನ್ನೂ ಬಿಸಿಲು.

ಟಿಎಲ್ಇ ಬೇಗ ಹಳಸುವ ಅನ್ನದ ಹಾಗೆ. ಎರಡು ಮೂರು ದಿನಕ್ಕಿಂತ ಹಳೆಯದನ್ನು ಮುಟ್ಟಬೇಡಿ. ಇನ್ನೊಂದು ಮಾತು, ಎಲ್ಲ ಸಮಯವೂ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ ಬರುತ್ತದೆ. ಮೊದಲ ಸಲ ನಾನು 5 ಗಂಟೆ 30 ನಿಮಿಷ ಕೂಡಿಸುವುದನ್ನು ಮರೆತೆ. ಮನೆಮಂದಿಯನ್ನೆಲ್ಲ ಮಾಳಿಗೆಗೆ ಹತ್ತಿಸಿ, ಮುಕ್ಕಾಲು ಗಂಟೆ ಖಾಲಿ ಆಕಾಶ ತೋರಿಸಿದೆ. ಈಗಲೂ ಮಗಳು "ಅಪ್ಪಾ, ಇವತ್ತು ಯಾವ ದೇಶದ ಟೈಮು?" ಅಂತ ಕೇಳುತ್ತಾಳೆ.

ನಾಲ್ಕೈದು ದಿನ ನೋಡಿದರೆ ಒಂದು ವಿಷಯ ಕಾಣುತ್ತದೆ. ನಿಲ್ದಾಣದ ಕಕ್ಷೆ ನಮ್ಮ ತಲೆಯ ಮೇಲೆ ಬರುವ ಹೊತ್ತು ದಿನಕ್ಕೆ ಸುಮಾರು 24 ನಿಮಿಷ ಮುಂಚೆ ಸರಿಯುತ್ತಾ ಹೋಗುತ್ತದೆ. ಭೂಮಿ ಪೂರ್ತಿ ಗುಂಡಗಿಲ್ಲ, ನಡು ಸ್ವಲ್ಪ ದಪ್ಪ. ಆ ದಪ್ಪವೇ ಕಕ್ಷೆಯನ್ನು ದಿನಕ್ಕೆ ಸುಮಾರು 5 ಡಿಗ್ರಿ ತಿರುಗಿಸುತ್ತದೆ. ಸೂರ್ಯನ ಸುತ್ತ ಭೂಮಿ ಓಡುವುದರಿಂದ ಬರುವ 1 ಡಿಗ್ರಿ ಕೂಡಿದರೆ 6 ಡಿಗ್ರಿ, ಅಂದರೆ 24 ನಿಮಿಷ. ಲೆಕ್ಕದಲ್ಲಿ ಇದಕ್ಕೆ ಜೆ2 ಎನ್ನುತ್ತಾರೆ. ಇದನ್ನೇ ಬಳಸಿಕೊಂಡು ದೂರಸಂವೇದಿ ಉಪಗ್ರಹಗಳನ್ನು ಸುಮಾರು 97, 98 ಡಿಗ್ರಿ ಓರೆಯ ಕಕ್ಷೆಯಲ್ಲಿಡುತ್ತಾರೆ. ಆಲಮಟ್ಟಿ ಹಿನ್ನೀರಿನ ಚಿತ್ರ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಗಂಟೆಗೆ, ಅದೇ ಬಿಸಿಲಿನಲ್ಲಿ ಸಿಗುವುದು ಹೀಗೆ.

ಹೆಜ್ಜೆ 3: ಒಂದೇ ಸೂತ್ರ, ಎಲ್ಲ ಖರ್ಚಿನ ಪಟ್ಟಿ

ವೀಸ್-ವೀವಾ ಸಮೀಕರಣ. ಈ ಕ್ಷೇತ್ರದಲ್ಲಿ ಒಂದೇ ಸೂತ್ರ ಉಳಿಸಿಕೊಳ್ಳಿ ಅಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ:

ವೇಗದ ವರ್ಗ = ಮ್ಯೂ × (2 ÷ ಈಗಿನ ದೂರ − 1 ÷ ದೀರ್ಘವೃತ್ತದ ಅರ್ಧ ಉದ್ದ)

ನೌಕೆಯ ಲೋಕದಲ್ಲಿ ರೊಕ್ಕ ಅಂದರೆ ಡೆಲ್ಟಾ-ವಿ, ಅಂದರೆ ವೇಗದಲ್ಲಿ ಮಾಡುವ ಬದಲಾವಣೆ. ಕಿಲೋಮೀಟರಿಗೆ ಅಲ್ಲಿ ಬೆಲೆ ಇಲ್ಲ. ಕೋಟಿ ಕಿಲೋಮೀಟರ್ ಸುಮ್ನೆ ತೇಲಿಕೊಂಡು ಹೋಗಬಹುದು, ಪುಕ್ಕಟೆ. ವೇಗ ಬದಲಿಸಿದಾಗ ಮಾತ್ರ ಖರ್ಚು.

ಈಗ ನೋಟ್‌ಬುಕ್ಕಿನಲ್ಲಿ ಈ ಲೆಕ್ಕ ಮಾಡಿ. 300 ಕಿ.ಮೀ. ಎತ್ತರದ ವೃತ್ತದಿಂದ ಭೂಸ್ಥಿರ ಕಕ್ಷೆಗೆ ಹೋಗಬೇಕು. ಭೂಸ್ಥಿರ ಕಕ್ಷೆ ಕೇಂದ್ರದಿಂದ 42,164 ಕಿ.ಮೀ. ದೂರ. ಎರಡೂ ವೃತ್ತವನ್ನು ಮುಟ್ಟುವ ದೀರ್ಘವೃತ್ತ ಎಳೆಯಿರಿ. ಜರ್ಮನಿಯ ವಾಲ್ಟರ್ ಹೋಮನ್ 1925ರಲ್ಲೇ ಹೇಳಿದ ಹಾದಿ ಇದು. ಅರ್ಧ ಉದ್ದ 24,421 ಕಿ.ಮೀ. ಕೆಳಗೆ ವೇಗ 7.73ರಿಂದ 10.15ಕ್ಕೆ ಏರಬೇಕು. ಮೇಲೆ 1.61ರಿಂದ 3.07ಕ್ಕೆ. ಒಟ್ಟು ಖರ್ಚು ಸೆಕೆಂಡಿಗೆ ಸುಮಾರು 3.89 ಕಿ.ಮೀ. ದಾರಿಯಲ್ಲಿ 5 ಗಂಟೆ 16 ನಿಮಿಷ.

ಅದೇ 300 ಕಿ.ಮೀ. ಎತ್ತರದಿಂದ ಮಂಗಳಕ್ಕೆ ಹೊರಡಲು ಎಷ್ಟು? ಊಹೆ ಮಾಡಿ ನೋಡಿ. ನಾನು ಕೇಳಿದವರೆಲ್ಲ ಹತ್ತು, ಹದಿನೈದು ಅನ್ನುತ್ತಾರೆ.

ಸೂರ್ಯನ ಸುತ್ತ ಇದೇ ಸೂತ್ರ ಹಾಕಿ. ಭೂಮಿ ಇರುವುದು 14.96 ಕೋಟಿ ಕಿ.ಮೀ. ದೂರದಲ್ಲಿ, ಮಂಗಳ ಸರಾಸರಿ 22.79 ಕೋಟಿ ಕಿ.ಮೀ. ದೂರದಲ್ಲಿ. ಸೂರ್ಯನ ಮ್ಯೂ 13,271 ಕೋಟಿ. ಭೂಮಿಯ ವೇಗ 29.78, ದಾರಿಗೆ ಬೇಕಾದ ವೇಗ 32.73. ವ್ಯತ್ಯಾಸ 2.95. ಆದರೆ ಇದು ಭೂಮಿಯ ಹಿಡಿತ ದಾಟಿದ ಮೇಲೆ ಉಳಿದಿರಬೇಕಾದ ವೇಗ. 300 ಕಿ.ಮೀ. ಎತ್ತರಕ್ಕೆ ಅದನ್ನು ಇಳಿಸಿ: 2.95ರ ವರ್ಗಕ್ಕೆ ಅಲ್ಲಿನ ಪಾರುವೇಗ (ಭೂಮಿಯ ಹಿಡಿತ ದಾಟಲು ಬೇಕಾದ ಕನಿಷ್ಠ ವೇಗ) 10.93ರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. ಬಂದದ್ದು 11.32. ನಮ್ಮ ಬಳಿ ಆಗಲೇ 7.73 ಇದೆ. ಖರ್ಚು 3.59.

ಮಂಗಳದ ದಾರಿ ಹಿಡಿಯುವುದು ಭೂಸ್ಥಿರ ಕಕ್ಷೆಗಿಂತ ಅಗ್ಗ! ಮೊದಲ ಸಲ ಈ ಅಂಕಿ ಬಂದಾಗ ನಾನು ಲೆಕ್ಕ ತಪ್ಪಿದೆ ಅಂತ ಮೂರು ಸಲ ಅಳಿಸಿ ಬರೆದಿದ್ದೆ. ಮಂಗಳದ ಬಳಿ ನಿಲ್ಲಲು ಬೇರೆ ಖರ್ಚಿದೆ ನಿಜ. ಆದರೂ ದೂರ ಮತ್ತು ಖರ್ಚು ಬೇರೆ ಬೇರೆ ಅನ್ನುವುದು ಇಲ್ಲಿ ತಲೆಗೆ ಹೊಕ್ಕಿತು.

ಈ ವೇಗವನ್ನು ಇಂಧನಕ್ಕೆ ಬದಲಿಸಲು ತ್ಸಿಯೋಲ್ಕೋವ್‌ಸ್ಕಿಯ 1903ರ ಸಮೀಕರಣ ಇದೆ. ಬುತ್ತಿ ಕಟ್ಟಿಕೊಂಡು ನಡೆದು ಹೊರಟವ ಬುತ್ತಿಯ ಭಾರವನ್ನೂ ಹೊರಬೇಕು, ಆ ಭಾರಕ್ಕೆ ಇನ್ನಷ್ಟು ಹಸಿವು, ಅದಕ್ಕೆ ಇನ್ನಷ್ಟು ರೊಟ್ಟಿ. ಮಂಗಳಯಾನದ ಒಟ್ಟು ತೂಕ 1,337 ಕಿಲೋ. ಅದರಲ್ಲಿ 852 ಕಿಲೋ ಬುತ್ತಿಯೇ.

ಹೆಜ್ಜೆ 4: ಜೋಕಾಲಿ ಪಾಠ, ಅಂದರೆ ಮಂಗಳಯಾನವನ್ನು ಕಾಗದದ ಮೇಲೆ ಮತ್ತೆ ಹಾರಿಸುವುದು

ನಮ್ಮ ಕಡೆ ನಾಗರ ಪಂಚಮಿ ಅಂದರೆ ಜೋಕಾಲಿ. ನಿಂತು ಜೀಕುವವರನ್ನು ಗಮನಿಸಿ. ಜೋಕಾಲಿ ಕೆಳಗೆ ಅತಿ ಜೋರಾಗಿ ಹಾದುಹೋಗುವಾಗ ಮೊಣಕಾಲು ಚಾಚಿ ಮೈ ಎತ್ತುತ್ತಾರೆ. ತುದಿಯಲ್ಲಿ ಎಷ್ಟು ಕುಣಿದರೂ ಅಷ್ಟು ಫಲ ಇಲ್ಲ. ವೇಗ ಎಲ್ಲಿ ಜಾಸ್ತಿಯೋ ಅಲ್ಲಿ ಹಾಕಿದ ಬಲಕ್ಕೆ ಬೆಲೆ ಜಾಸ್ತಿ. ನೌಕೆಗೂ ಅದೇ. ಇದಕ್ಕೆ ಓಬರ್ತ್ ಪರಿಣಾಮ ಎನ್ನುತ್ತಾರೆ.

ಮಂಗಳಯಾನ 2013ರ ನವೆಂಬರ್ 5ರಂದು ಪಿಎಸ್ಎಲ್‌ವಿ-ಸಿ25ರಲ್ಲಿ ಹೊರಟಿತು. ಆ ರಾಕೆಟ್ಟಿಗೆ ಅದನ್ನು ಸೀದಾ ಮಂಗಳದ ದಾರಿಗೆ ಎಸೆಯುವ ತಾಕತ್ತು ಇರಲಿಲ್ಲ. ಸುಮಾರು 248 ಕಿ.ಮೀ. ಕೆಳತುದಿ, 23,550 ಕಿ.ಮೀ. ಮೇಲ್ತುದಿಯ ದೀರ್ಘವೃತ್ತದಲ್ಲಿ ಬಿಟ್ಟಿತು. ಅಲ್ಲಿಂದ ನೌಕೆ ತನ್ನ 440 ನ್ಯೂಟನ್ ಎಂಜಿನ್ ಹಿಡಿದು ಒಂದೊಂದೇ ಜೀಕು ಹೊಡೆಯಿತು. ಪ್ರತಿ ಸಲ ಕೆಳತುದಿಯ ಹತ್ತಿರ, ಪ್ರತಿ ಸಲ ಮೇಲ್ತುದಿ ಇನ್ನಷ್ಟು ಮೇಲೆ. ನವೆಂಬರ್ 16ರ ಹೊತ್ತಿಗೆ ಮೇಲ್ತುದಿ 1,92,874 ಕಿ.ಮೀ. ಡಿಸೆಂಬರ್ 1ರ ಮಧ್ಯರಾತ್ರಿ ದಾಟಿ ಕೊನೆಯ ಜೀಕು: 22 ನಿಮಿಷ, ಸೆಕೆಂಡಿಗೆ 648 ಮೀಟರ್.

ಇದನ್ನು ನೀವೇ ಲೆಕ್ಕ ಹಾಕಿ. ಕೆಳತುದಿ 250 ಕಿ.ಮೀ. ಅಂದುಕೊಳ್ಳಿ. ಅಲ್ಲಿ ವೇಗ 10.79. ಅದಕ್ಕೆ 0.648 ಕೂಡಿಸಿ: 11.44. ಅಲ್ಲಿನ ಪಾರುವೇಗ 10.97. ಎರಡರ ವರ್ಗದ ವ್ಯತ್ಯಾಸ ಸುಮಾರು 10.5. ಅದರ ವರ್ಗಮೂಲ 3.24. ಭೂಮಿಯನ್ನು ಪೂರ್ತಿ ಬಿಟ್ಟ ಮೇಲೂ ಕೈಯಲ್ಲಿ ಸೆಕೆಂಡಿಗೆ 3.24 ಕಿ.ಮೀ. ಉಳಿಯಿತು! ಹಾಕಿದ್ದು ಒಂದು ಕಿಲೋಮೀಟರೂ ಅಲ್ಲ. ವರ್ಗದ ವ್ಯತ್ಯಾಸ 10.5 ಅಂದೆವಲ್ಲ, ಅದಕ್ಕೆ ಸಿ3 ಅನ್ನುತ್ತಾರೆ. ನೆನಪಿಡಿ, ಮುಂದೆ ಬೇಕು.

ಅದೇ 648 ಮೀಟರನ್ನು ಮೇಲ್ತುದಿಯಲ್ಲಿ ಹಾಕಿದ್ದರೆ? ಅಲ್ಲಿ ನೌಕೆ ಸೆಕೆಂಡಿಗೆ 0.36 ಕಿ.ಮೀ. ವೇಗದಲ್ಲಿ ತೆವಳುತ್ತಿರುತ್ತದೆ. ಒಂದು ಕಿಲೋ ತೂಕಕ್ಕೆ ಸಿಗುವ ಶಕ್ತಿ ಲೆಕ್ಕ ಹಾಕಿದರೆ ಕೆಳತುದಿಯಲ್ಲಿ ಸುಮಾರು 16 ಪಟ್ಟು ಜಾಸ್ತಿ.

ಹಾಗಾದರೆ ಕೆಳತುದಿಯಲ್ಲೇ ಒಂದೇ ಸಲ ಎಲ್ಲ ಉರಿಸಿಬಿಡಬಹುದಿತ್ತಲ್ಲ? ಎಂಜಿನ್ ಸಣ್ಣದು. 22 ನಿಮಿಷದಲ್ಲಿ ನೌಕೆ ಹದಿಮೂರು, ಹದಿನಾಲ್ಕು ಸಾವಿರ ಕಿ.ಮೀ. ಓಡಿರುತ್ತದೆ. ಇನ್ನೂ ಹೆಚ್ಚು ಹೊತ್ತು ಉರಿಸಿದರೆ ಕೆಳತುದಿ ಎಲ್ಲೋ ಹಿಂದೆ ಉಳಿದು, ಜೋಕಾಲಿಯ ತುದಿಯಲ್ಲಿ ಕುಣಿದ ಹಾಗಾಗುತ್ತದೆ. ನಮ್ಮ ಕಾಗದದ ಲೆಕ್ಕ ಎಂಜಿನ್ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಉರಿದು ಮುಗಿಯಿತು ಅಂದುಕೊಳ್ಳುತ್ತದೆ. ಅದು ಅಂದಾಜು ಮಾತ್ರ ಅನ್ನುವುದು ತಲೆಯಲ್ಲಿರಲಿ.

ಈ ಆರು ಜೀಕುಗಳಲ್ಲಿ ಒಂದು ಎಡವಿತ್ತು. ನವೆಂಬರ್ 11ರಂದು ಸೆಕೆಂಡಿಗೆ 130 ಮೀಟರ್ ಬರಬೇಕಿತ್ತು, ಬಂದದ್ದು 35. ಮಾರನೇ ದಿನವೇ ಹೆಚ್ಚುವರಿ ಜೀಕು ಹೊಡೆದು ಸರಿಪಡಿಸಿದರು. ಹಾದಿ ಡಿಸೈನ್ ಮಾಡುವವರು ಇದರಿಂದ ಕಲಿಯುವುದು ಜಾಸ್ತಿ. ಒಂದೊಂದು ಜೀಕು ತಪ್ಪಿದರೆ ಏನು ಮಾಡುತ್ತೀರಿ, ಎಷ್ಟು ದಿನ ಕೈಯಲ್ಲಿದೆ, ಎಷ್ಟು ಇಂಧನ ಮಿಗುತ್ತದೆ? ನಿಮ್ಮ ವರದಿಯಲ್ಲಿ ಈ ಪಟ್ಟಿ ಇರಲಿ.

ಒಂದು ಚಿಕ್ಕ ಅಡ್ಡದಾರಿ. "ಸರ್, ವಿಜಯಪುರದಿಂದಲೇ ಉಡಾಯಿಸಿದರೆ?" ಅಂತ ಯಾರಾದರೂ ಒಬ್ಬ ಕೇಳಿಯೇ ಕೇಳುತ್ತಾನೆ. ಭೂಮಿ ತಿರುಗುವುದರಿಂದ ಇಲ್ಲಿ ಪುಕ್ಕಟೆ ಸಿಗುವ ವೇಗ ಸೆಕೆಂಡಿಗೆ 445 ಮೀಟರ್. ಶ್ರೀಹರಿಕೋಟದಲ್ಲಿ 452. ಅದೇನು ದೊಡ್ಡ ನಷ್ಟ ಅಲ್ಲ. ಕಷ್ಟ ಬೇರೆ ಇದೆ: ಉರಿದು ಮುಗಿದ ಹಂತಗಳು ಪೂರ್ವಕ್ಕೆ ಬೀಳುತ್ತವೆ. ಶ್ರೀಹರಿಕೋಟದ ಪೂರ್ವಕ್ಕೆ ಸಮುದ್ರ. ನಮ್ಮ ಪೂರ್ವಕ್ಕೆ ಯಾದಗಿರಿ.

ಹೆಜ್ಜೆ 5: ಕಿಟಕಿ ಯಾವಾಗ ತೆರೆಯುತ್ತದೆ

ಓಡುವ ಬಸ್ಸು ಹಿಡಿಯುವವನು ಬಸ್ಸು ಈಗ ಇರುವ ಕಡೆ ಓಡುವುದಿಲ್ಲ. ಹೋಮನ್ ದಾರಿಯಲ್ಲಿ ಮಂಗಳಕ್ಕೆ 259 ದಿನ. ಅಷ್ಟರಲ್ಲಿ ಮಂಗಳ ಸುಮಾರು 136 ಡಿಗ್ರಿ ಸರಿಯುತ್ತದೆ. ನೌಕೆ ಸರಿಯುವುದು 180. ಹಾಗಾಗಿ ಹೊರಡುವಾಗ ಮಂಗಳ ನಮಗಿಂತ 44 ಡಿಗ್ರಿ ಮುಂದಿರಬೇಕು. ಆ ಜೋಡಣೆ, ಅಂದರೆ ಹೊರಡುವ ಕಿಟಕಿ, ಸುಮಾರು 780 ದಿನಕ್ಕೊಮ್ಮೆ, ಅಂದರೆ 26 ತಿಂಗಳಿಗೊಮ್ಮೆ ಬರುತ್ತದೆ. ಈ ಬಸ್ಸು ತಪ್ಪಿದರೆ ಮುಂದಿನದು ಎರಡು ವರ್ಷದ ಮೇಲೆ.

ತಾಳೆಗೆ ಇತಿಹಾಸ ನೋಡಿ. 2013ರ ನವೆಂಬರಿನಲ್ಲಿ ಮಂಗಳಯಾನ ಮತ್ತು ಅಮೆರಿಕದ ಮೇವನ್ ಎರಡೂ ಹೊರಟವು. ತಲುಪಿದ್ದು 2014ರ ಸೆಪ್ಟೆಂಬರ್ 22ಕ್ಕೆ ಮೇವನ್, 24ಕ್ಕೆ ಮಂಗಳಯಾನ. 2020ರ ಜುಲೈನಲ್ಲಿ ಮೂರು ದೇಶದ ನೌಕೆಗಳು ಒಂದರ ಹಿಂದೆ ಒಂದು ಹೊರಟು, 2021ರ ಫೆಬ್ರವರಿಯಲ್ಲಿ ಒಟ್ಟಿಗೆ ತಲುಪಿದವು. ಯಾರೂ ಯಾರನ್ನೂ ಕೇಳಿ ಹೊರಟಿದ್ದಲ್ಲ. ಕಿಟಕಿ ಇದ್ದದ್ದೇ ಒಂದು.

ಹೆಜ್ಜೆ 6: ಲ್ಯಾಂಬರ್ಟ್ ಮತ್ತು ಗೋಡಂಬಿ ನಕ್ಷೆ

ಇಲ್ಲಿಂದ ಲ್ಯಾಪ್‌ಟಾಪ್ ತೆರೆಯಬಹುದು. ಇಲ್ಲಿಯವರೆಗೆ ಗ್ರಹಗಳು ವೃತ್ತದಲ್ಲಿ, ಒಂದೇ ಸಮತಲದಲ್ಲಿ ಸುತ್ತುತ್ತವೆ ಅಂದುಕೊಂಡಿದ್ದೆವು. ಎರಡೂ ಸುಳ್ಳು. ಮಂಗಳದ ಕಕ್ಷೆ ಸಾಕಷ್ಟು ಉದ್ದುದ್ದ, ಮೇಲೆ 1.85 ಡಿಗ್ರಿ ಓರೆ.

ನಿಜವಾದ ಪ್ರಶ್ನೆ ಹೀಗಿರುತ್ತದೆ: ಇಂಥ ದಿನ ಭೂಮಿ ಇಲ್ಲಿದೆ, ಇಂಥ ದಿನ ಮಂಗಳ ಅಲ್ಲಿರುತ್ತದೆ. ಇವೆರಡನ್ನೂ ಅಷ್ಟೇ ದಿನದಲ್ಲಿ ಜೋಡಿಸುವ ಹಾದಿ ಯಾವುದು? ಇದು ಲ್ಯಾಂಬರ್ಟ್ ಸಮಸ್ಯೆ, ಹದಿನೆಂಟನೇ ಶತಮಾನದ್ದು. ಪರಿಹಾರದ ಕೋಡ್ ಪೈಥಾನಿನಲ್ಲಿ ಸಿದ್ಧ ಸಿಗುತ್ತದೆ. ಆದರೂ ಒಂದು ಸಲ ನೀವೇ ಬರೆಯಿರಿ. ವಾರ ಹಿಡಿಯಬಹುದು, ಹಿಡಿಯಲಿ.

ಗ್ರಹಗಳ ಸ್ಥಾನಕ್ಕೆ ಅಮೆರಿಕದ ಜೆಪಿಎಲ್ ಸಂಸ್ಥೆಯ ಹೊರೈಜನ್ಸ್ ಸೇವೆ ಇದೆ, ಪುಕ್ಕಟೆ. ಕೇಂದ್ರ ಸೂರ್ಯ ಅಂತ ಆರಿಸಿ, ಸಮತಲ ಎಕ್ಲಿಪ್ಟಿಕ್ (ಭೂಮಿ ಸೂರ್ಯನನ್ನು ಸುತ್ತುವ ಸಮತಲ) ಇರಲಿ. ಹೊರಡುವ ದಿನ 2013ರ ಅಕ್ಟೋಬರ್ 1ರಿಂದ 2014ರ ಜನವರಿ ಕೊನೆವರೆಗೆ, ಮುಟ್ಟುವ ದಿನ 2014ರ ಜುಲೈನಿಂದ ಡಿಸೆಂಬರ್ ಕೊನೆವರೆಗೆ, ಎರಡೆರಡು ದಿನದ ಅಂತರ. ಸುಮಾರು 5,700 ಜೋಡಿ ಆಗುತ್ತವೆ. ಪ್ರತಿಯೊಂದಕ್ಕೂ ಲ್ಯಾಂಬರ್ಟ್ ಬಿಡಿಸಿ. ಹೊರಡುವಾಗಿನ ವೇಗದಿಂದ ಭೂಮಿಯ ವೇಗ ಕಳೆದು, ಉಳಿದದ್ದರ ವರ್ಗ ತೆಗೆದರೆ ಸಿ3. ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ. ಒಂದೇ ಸಿ3 ಇರುವ ಚುಕ್ಕೆಗಳನ್ನು ಗೆರೆಯಿಂದ ಸೇರಿಸಿ.

ಬರುವ ಚಿತ್ರಕ್ಕೆ ಇಂಗ್ಲಿಷಿನಲ್ಲಿ ಪೋರ್ಕ್‌ಚಾಪ್ ಪ್ಲಾಟ್ ಅನ್ನುತ್ತಾರೆ, ಹಂದಿಮಾಂಸದ ತುಂಡಿನ ಆಕಾರ ಅಂತ. ನಮ್ಮ ಹುಡುಗರು ಗೋಡಂಬಿ ನಕ್ಷೆ ಅನ್ನುತ್ತಾರೆ. ಅದೇ ಚೆನ್ನಾಗಿದೆ ಬಿಡಿ.

ನಕ್ಷೆಯಲ್ಲಿ ಎರಡು ತಗ್ಗು ಕಾಣುತ್ತವೆ, ನಡುವೆ ಒಂದು ಕಡಿದಾದ ದಿಬ್ಬ. ಆ ದಿಬ್ಬ ನೋಡಿ ಎಷ್ಟೋ ಜನ ಕೋಡ್ ಕೆಟ್ಟಿದೆ ಅಂತ ಗಾಬರಿಯಾಗುತ್ತಾರೆ. ಕೆಟ್ಟಿಲ್ಲ. ಅಲ್ಲಿ ಹಾದಿ ಸರಿಯಾಗಿ 180 ಡಿಗ್ರಿ ಆಗುತ್ತದೆ. ಭೂಮಿ, ಸೂರ್ಯ, ಮಂಗಳ ಹೆಚ್ಚುಕಡಿಮೆ ನೇರ ಗೆರೆ, ಆದರೆ ಮಂಗಳ ಸ್ವಲ್ಪ ಮೇಲೆ ಅಥವಾ ಕೆಳಗೆ. ಈ ಮೂರನ್ನೂ ಮುಟ್ಟುವ ಸಮತಲ ಬೇಕೆಂದರೆ ಅದು ಭಾರೀ ಓರೆಯಾಗಿ ನಿಲ್ಲಬೇಕು. ಆ ಓರೆಗೆ ಖರ್ಚು ವಿಪರೀತ. ನೋಡಿ, ಹೆಜ್ಜೆ 3ರಲ್ಲಿ ಅಗ್ಗ ಅಂದುಕೊಂಡ 180 ಡಿಗ್ರಿಯ ಹೋಮನ್ ದಾರಿಯೇ ನಿಜವಾದ ಆಕಾಶದಲ್ಲಿ ದುಬಾರಿ ದಿಬ್ಬದ ಮೇಲೆ ಕೂತಿದೆ. ಅಗ್ಗದ ದಾರಿ ಅದರ ಆಚೆಗೋ ಈಚೆಗೋ ಇರುತ್ತದೆ. ಮಂಗಳಯಾನ 259 ದಿನಕ್ಕೆ ಬದಲಾಗಿ ಹತ್ತಿರತ್ತಿರ 300 ದಿನ ಯಾಕೆ ತೆಗೆದುಕೊಂಡಿತು ಅನ್ನುವುದನ್ನು ಈ ನಕ್ಷೆಯ ಮುಂದೆ ಕೂತು ಯೋಚಿಸಿ.

ತಾಳೆ: 2013ರ ಡಿಸೆಂಬರ್ 1 ಮತ್ತು 2014ರ ಸೆಪ್ಟೆಂಬರ್ 24 ಕೂಡುವ ಚುಕ್ಕೆಗೆ ಬೆರಳಿಡಿ. ಕಾಗದದ ಮೇಲೆ ಬಂದ 10.5ರ ಆಸುಪಾಸಿನ ಅಂಕಿ ಅಲ್ಲಿರಬೇಕು. ಸಾವಿರಗಟ್ಟಲೆ ಬಂದಿದ್ದರೆ ಲ್ಯಾಂಬರ್ಟ್ ಕೋಡ್ ಸುತ್ತಿನ ಇನ್ನೊಂದು ಬದಿಯ ಹಾದಿ ಹಿಡಿದಿದೆ. ಅಥವಾ ಡಿಗ್ರಿ ಮತ್ತು ರೇಡಿಯನ್ ಕಲೆಸಿಹೋಗಿದೆ.

ಹೆಜ್ಜೆ 7: ಹೆಜ್ಜೆ ಹೆಜ್ಜೆಯಾಗಿ ಹಾದಿ ಓಡಿಸುವುದು

ಇಲ್ಲಿ ಸೂರ್ಯ, ಚಂದ್ರ, ಜೆ2, ಬಿಸಿಲಿನ ಒತ್ತಡ ಎಲ್ಲ ಸೇರಿಸಿ ಚಲನೆಯ ಸಮೀಕರಣವನ್ನು ಸಂಖ್ಯೆಗಳಲ್ಲೇ ಬಿಡಿಸುತ್ತೇವೆ. ಪೈಥಾನಿನ ಸೈಪೈ ಲೈಬ್ರರಿ ಸಾಕು. ಒಂದು ಗುಂಡಿ ಇದೆ, ಎಲ್ಲರೂ ಬೀಳುತ್ತಾರೆ. ಅದರ ಸಮೀಕರಣ ಬಿಡಿಸುವ ಫಂಕ್ಷನ್ ಏನೂ ಹೇಳದಿದ್ದರೆ ಸಾವಿರಕ್ಕೆ ಒಂದರಷ್ಟು ತಪ್ಪನ್ನು ಒಪ್ಪಿಕೊಳ್ಳುತ್ತದೆ. ಕಕ್ಷೆಗೆ ಅದು ಏನೇನೂ ಸಾಲದು. ಆ ಸಹನೆಯನ್ನು ಸಾವಿರ ಕೋಟಿಗೆ ಒಂದಕ್ಕೆ ಇಳಿಸಿ. ಆಮೇಲೆ ಬೇರೆ ಬಲಗಳನ್ನೆಲ್ಲ ತೆಗೆದು ಬರೀ ಭೂಮಿ ಇಟ್ಟು ನೂರು ಸುತ್ತು ಓಡಿಸಿ. ಒಟ್ಟು ಶಕ್ತಿ ಬದಲಾಗಬಾರದು. ಬದಲಾದರೆ ಮುಂದೆ ಹೋಗಬೇಡಿ.

ಸಮಯದ ವಿಷಯ ಮತ್ತೆ ಬಂತು. ಗ್ರಹಗಳ ಕೋಷ್ಟಕ ಬಳಸುವ ಗಡಿಯಾರಕ್ಕೂ ಯುಟಿಸಿಗೂ ಈಗ ಸುಮಾರು 69 ಸೆಕೆಂಡ್ ವ್ಯತ್ಯಾಸ. ಒಂದು ನಿಮಿಷ ತಾನೇ ಅನ್ನಬೇಡಿ. ಅಷ್ಟರಲ್ಲಿ ಮಂಗಳ ಸುಮಾರು 1,650 ಕಿ.ಮೀ. ಸರಿದಿರುತ್ತದೆ. ಮಂಗಳಯಾನ ಕೊನೆಗೆ ಕೂತ ಕಕ್ಷೆಯ ಕೆಳತುದಿ 422 ಕಿ.ಮೀ. ಎತ್ತರದಲ್ಲಿತ್ತು. ಅಳತೆ ಬೆರೆತರೆ ಏನಾಗುತ್ತದೆ ಅನ್ನುವುದಕ್ಕೆ 1999ರ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಇದೆ. ಒಂದು ಕಡೆ ಪೌಂಡ್, ಇನ್ನೊಂದು ಕಡೆ ನ್ಯೂಟನ್. ನೌಕೆ ಮಂಗಳದ ವಾತಾವರಣಕ್ಕೆ ಅತಿ ಹತ್ತಿರ ಹೋಗಿ ಕೈತಪ್ಪಿತು.

ನಾಸಾದ ಜಿಮ್ಯಾಟ್ ಎಂಬ ಪುಕ್ಕಟೆ ಸಾಫ್ಟ್‌ವೇರನ್ನು ಈಗ ಹಾಕಿಕೊಳ್ಳಿ, ಇದಕ್ಕಿಂತ ಮೊದಲು ಬೇಡ. ನಿಮ್ಮ ಕೋಡಿನ ಉತ್ತರಕ್ಕೂ ಅದರ ಉತ್ತರಕ್ಕೂ ತಾಳೆ ನೋಡಲು ಅದು ತುಂಬಾ ಒಳ್ಳೆಯದು.

ಹೆಜ್ಜೆ 8: ಮೂರು ಕಾಯಗಳ ಕಡೆಗೆ ಒಂದು ಇಣುಕು

ಸೂರ್ಯನನ್ನು ನೋಡಲು ಹೋದ ನಮ್ಮ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನ ಸುತ್ತ ಹಾಲೋ ಎಂಬ ಕಕ್ಷೆಗೆ ಸೇರಿತು. ಅಲ್ಲಿ ಸುತ್ತಲು ಗ್ರಹವೇ ಇಲ್ಲ, ಖಾಲಿ ಜಾಗ. ಅಂದರೂ ಸುಮಾರು 178 ದಿನಕ್ಕೆ ಒಂದು ಸುತ್ತು. ಇಲ್ಲಿ ವೀಸ್-ವೀವಾ ನಡೆಯುವುದಿಲ್ಲ. ಸೂರ್ಯ ಮತ್ತು ಭೂಮಿಯ ಜೊತೆ ತಿರುಗುವ ಚೌಕಟ್ಟಿನಲ್ಲಿ ಸಮೀಕರಣ ಬರೆದು, ಊಹೆಯ ಆರಂಭ ಕೊಟ್ಟು, ಅರ್ಧ ಸುತ್ತಿನ ನಂತರ ಎಷ್ಟು ತಪ್ಪಿತು ನೋಡಿ, ಆರಂಭವನ್ನು ತಿದ್ದಿ, ಮತ್ತೆ ಓಡಿಸಬೇಕು. ನಾಲ್ಕೈದು ಸಲ ತಿದ್ದಿದರೆ ಸುತ್ತು ಮುಚ್ಚಿಕೊಳ್ಳುತ್ತದೆ.

ಈ ಜಾಗ ಬೆಟ್ಟದ ನೆತ್ತಿಯ ಮೇಲೆ ಗೋಲಿ ಇಟ್ಟ ಹಾಗೆ. ಸಣ್ಣ ತಪ್ಪು ಸುಮಾರು 23 ದಿನಕ್ಕೆ 2.7 ಪಟ್ಟು ಬೆಳೆಯುತ್ತದೆ. ಇವತ್ತಿನ ಒಂದು ಕಿಲೋಮೀಟರ್ ಆರು ತಿಂಗಳಿಗೆ ಎರಡು ಸಾವಿರ ದಾಟುತ್ತದೆ. ಅದಕ್ಕೇ ಆಗಾಗ ಸ್ವಲ್ಪ ತಳ್ಳಿ ಸರಿಮಾಡುತ್ತಿರಬೇಕು. ಎಷ್ಟು ದಿನಕ್ಕೊಮ್ಮೆ ತಳ್ಳಿದರೆ ಖರ್ಚು ಕಡಿಮೆ? ಇದು ಒಬ್ಬ ವಿದ್ಯಾರ್ಥಿ ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ ಪ್ರಶ್ನೆ.

ಹೆಜ್ಜೆ 9: ಸಂಶೋಧನೆಯ ಪ್ರಶ್ನೆ ಹಿಡಿಯುವುದು

"ಮಂಗಳಕ್ಕೆ ಹಾದಿಯ ವಿನ್ಯಾಸ" ಅನ್ನುವುದು ಪ್ರಶ್ನೆ ಅಲ್ಲ, ಬೋರ್ಡು. ಪ್ರಶ್ನೆ ಸಣ್ಣದಾಗಿರಲಿ. ಶುಕ್ರದ ಕಿಟಕಿ ಸುಮಾರು 584 ದಿನಕ್ಕೊಮ್ಮೆ ತೆರೆಯುತ್ತದೆ. ಮುಂದಿನ ನಾಲ್ಕು ಕಿಟಕಿಗಳಲ್ಲಿ ಯಾವುದು ಅಗ್ಗ, ಯಾಕೆ? ಮಂಗಳಯಾನದ ಥರ ಜೀಕುವಾಗ ಯಾವ ಜೀಕು ತಪ್ಪಿದರೆ ಚೇತರಿಕೆ ಅತಿ ಕಷ್ಟ? ಇಂಥವು ಸಾಕು.

ನನ್ನ ಅಭಿಪ್ರಾಯದಲ್ಲಿ ಮೊದಲ ಆರು ತಿಂಗಳು ಹೊಸದನ್ನು ಮಾಡಲೇಬಾರದು. ಈಗಾಗಲೇ ಹಾರಿದ ನೌಕೆಯನ್ನೇ ಮತ್ತೆ ಹಾರಿಸಿ. ಆಮೇಲೆ ಜಾಗತಿಕ ಪಥ ಸ್ಪರ್ಧೆಯ ಹಳೇ ಪ್ರಶ್ನೆಗಳನ್ನು ತೆಗೆಯಿರಿ. ಜಿಟಾಕ್ ಅಂತ ಕರೆಯುವ ಈ ಸ್ಪರ್ಧೆ 2005ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆಯಲ್ಲಿ ಶುರುವಾಯಿತು. ಪ್ರಶ್ನೆ ಮತ್ತು ಗೆದ್ದವರ ಉತ್ತರ ಎರಡೂ ಸಿಗುತ್ತವೆ. ಸೋಲುವುದು ಖಚಿತ. ಎಷ್ಟರಲ್ಲಿ ಸೋತೆವು ಅನ್ನುವುದೇ ಅಳತೆ.

ಮುಂದೆ ಓದುವ ಆಸೆ ಇದ್ದರೆ ಬೆಂಗಳೂರಿನ ಐಐಎಸ್ಸಿ ಏರೋಸ್ಪೇಸ್ ವಿಭಾಗ, ತಿರುವನಂತಪುರದ ಐಐಎಸ್‌ಟಿ ಇವೆ. ಬೆಳಗಾವಿಯ ವಿಟಿಯು ಅಡಿ ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್ ಓದಿದವರೂ ಈ ಕಡೆ ಹೊರಳಬಹುದು. ಹಾದಿ ಡಿಸೈನ್ ಅರ್ಧ ಫಿಸಿಕ್ಸ್, ಅರ್ಧ ಕೋಡಿಂಗ್. ನಮ್ಮ ಊರಲ್ಲಿ ಇನ್ನೊಂದು ಹೆಮ್ಮೆ ಇದೆ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯ ತನ್ನ ಊರು ವಿಜ್ಜಡವಿಡ ಅಂತ ಬರೆದ. ಅದು ನಮ್ಮ ವಿಜಯಪುರವೇ ಅನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ. ಗ್ರಹವೊಂದರ ಆ ಕ್ಷಣದ ವೇಗ ಎಷ್ಟು ಅಂತ ಅವನು ಲೆಕ್ಕ ಹಾಕಿದ್ದು ಮಾತ್ರ ನಿಜ. ಹುಡುಗರಿಗೆ ಡೆರಿವೇಟಿವ್ ಬೇಜಾರಾದಾಗ ನಾನು ಈ ಕಥೆ ತೆಗೆಯುತ್ತೇನೆ.

ವರದಿ ಬರೆಯುವಾಗ ಮೊದಲ ಪುಟದಲ್ಲೇ ಇಷ್ಟು ಇರಲಿ: ಯಾವ ಮ್ಯೂ ಬಳಸಿದಿರಿ, ಯಾವ ಗಡಿಯಾರ, ಯಾವ ಚೌಕಟ್ಟು, ಕೇಂದ್ರ ಯಾವುದು, ಎಷ್ಟು ಸಹನೆ, ಗ್ರಹಗಳ ಸ್ಥಾನ ಎಲ್ಲಿಂದ ಮತ್ತು ಯಾವ ದಿನ ಇಳಿಸಿಕೊಂಡಿರಿ. ಅದರ ಕೆಳಗೆ ತಾಳೆಗಳ ಪಟ್ಟಿ, ತಾಳೆ ಬೀಳದವೂ ಸೇರಿ. ಆಮೇಲೆ ಕೋಡ್ ಮತ್ತು ಆ ಒಂದು ಪುಟವನ್ನು ಮಾತ್ರ ಗೆಳೆಯನಿಗೆ ಕೊಡಿ, ಬಾಯಿಮಾತಿನಲ್ಲಿ ಏನೂ ಹೇಳಬೇಡಿ. ಅವನ ಲ್ಯಾಪ್‌ಟಾಪಿನಲ್ಲೂ ಅದೇ ಅಂಕಿ ಬಂದರೆ ಗೈಡ್ ಬಳಿ ಹೋಗಿ. ಬರದಿದ್ದರೆ ಮೊದಲು ಐದೂವರೆ ಗಂಟೆ ಕೂಡಿಸಿದ್ದೀರಾ ನೋಡಿ.